ಕ್ಯಾಮೆರಾ ಬದಲಾದಾಗ ಹೆಸರಿನ ಪಟ್ಟಿ ಏನಾಗುತ್ತದೆ? ಲೈವ್ ಸ್ವಿಚರ್ ಆರಿಸುವ ಮುನ್ನ

ನಾನು ಲೈವ್ ಮಾಡಿದ ಮೊದಮೊದಲ ಯಕ್ಷಗಾನ ಒಂದರಲ್ಲಿ ಹಾಡುವ ಭಾಗವತರ ಹೆಸರಿನ ಪಟ್ಟಿ, ಅಂದರೆ ಪರದೆಯ ಕೆಳಗೆ ಹೆಸರು ತೋರಿಸುವ ಅಡ್ಡಪಟ್ಟಿ, ಬಣ್ಣದ ವೇಷದ ಕಾಲಡಿ ಹೋಗಿ ಕೂತಿತ್ತು. ಹಿಮ್ಮೇಳದ ಕ್ಯಾಮೆರಾ ತೋರಿಸುತ್ತಿದ್ದೆ. ಕೆಳಗೆ ಭಾಗವತರ ಹೆಸರು ಚೆನ್ನಾಗಿಯೇ ಬಂದಿತ್ತು. ಅಷ್ಟರಲ್ಲಿ ಚೆಂಡೆ ಏರಿತು, ರಾಕ್ಷಸ ಅಬ್ಬರಿಸುತ್ತಾ ರಂಗಸ್ಥಳಕ್ಕೆ ಬಂದ. ನಾನು ಗಡಿಬಿಡಿಯಲ್ಲಿ ಎರಡನೇ ಕ್ಯಾಮೆರಾ ಒತ್ತಿದೆ. ಚಿತ್ರ ಬದಲಾಯಿತು, ಪಟ್ಟಿ ಬದಲಾಗಲಿಲ್ಲ. ನೋಡುವವರು ಬಿಡುತ್ತಾರೆಯೇ? ‘ಭಾಗವತರು ಯಾವಾಗ ವೇಷ ಕಟ್ಟಿದರು ಮಾರಾಯ್ರೇ’ ಎಂಬ ಕಾಮೆಂಟ್ ತಕ್ಷಣ ಬಂತು.

ತಪ್ಪು ನನ್ನದೇ. ಸ್ವಿಚರ್, ಅಂದರೆ ಹಲವು ಕ್ಯಾಮೆರಾಗಳಲ್ಲಿ ಯಾವುದು ಲೈವ್ ಹೋಗಬೇಕು ಅಂತ ಬದಲಿಸುವ ಸಾಧನ, ತನಗೆ ಹೇಳಿದ್ದನ್ನೇ ಮಾಡಿತ್ತು. ಪಟ್ಟಿ ಯಾವ ಪದರದಲ್ಲಿ ಕೂತಿದೆ, ಬಟನ್ ಒತ್ತಿದಾಗ ಯಾವ ಪದರ ಹೋಗುತ್ತದೆ, ಯಾವುದು ಅಲ್ಲೇ ಉಳಿಯುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಸ್ವಿಚರ್ ತಗೊಳ್ಳುವಾಗ ಎಲ್ಲರೂ ಕೇಳೋದು ಎಷ್ಟು ಎಚ್‌ಡಿಎಂಐ (ಕ್ಯಾಮೆರಾ ಕೇಬಲ್ ಚುಚ್ಚುವ ಕಿಂಡಿ) ಇದೆ, ಎಷ್ಟು ಟ್ರಾನ್ಸಿಶನ್ (ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವ ರೀತಿ) ಇದೆ ಅಂತ. ಟ್ರಾನ್ಸಿಶನ್‌ಗಳ ಸಂಖ್ಯೆಯಿಂದ ಏನೂ ಪ್ರಯೋಜನವಿಲ್ಲ. ನೂರರಲ್ಲಿ ತೊಂಬತ್ತು ಸಲ ನೀವು ಬಳಸೋದು ಕಟ್, ಅಂದರೆ ಚಿತ್ರ ತಟ್ಟನೆ ಬದಲಾಗೋದು; ಉಳಿದದ್ದು ಫೇಡ್, ಒಂದು ಮಾಸುತ್ತಾ ಇನ್ನೊಂದು ಮೂಡೋದು. ನಾನು ಮೊದಲು ಕೇಳೋ ಪ್ರಶ್ನೆ ಬೇರೆ: ಕ್ಯಾಮೆರಾ ಬದಲಿಸಿದಾಗ ಹೆಸರಿನ ಪಟ್ಟಿ ಏನಾಗುತ್ತದೆ? ಇದೊಂದಕ್ಕೆ ಉತ್ತರ ಹುಡುಕಿದರೆ ಆ ಸ್ವಿಚರ್ ಸೀನ್, ಲೇಯರ್ (ಪದರ), ಟ್ರಾನ್ಸಿಶನ್ ಮೂರನ್ನೂ ಹೇಗೆ ನೋಡುತ್ತದೆ ಅಂತ ಅರ್ಥವಾಗಿಬಿಡುತ್ತದೆ.

ಇಲ್ಲಿ ನಾನು ಹೋಲಿಸುತ್ತಿರೋದು ಮುಖ್ಯವಾಗಿ ಮೂರನ್ನು. ಒಬಿಎಸ್ ಸ್ಟುಡಿಯೊ, ವಿಮಿಕ್ಸ್, ಮತ್ತು ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ಏಟೆಮ್ ಮಿನಿ. ಮೊದಲ ಎರಡು ಕಂಪ್ಯೂಟರಿನಲ್ಲಿ ಓಡುವ ಸಾಫ್ಟ್‌ವೇರ್, ಮೂರನೆಯದು ಕೈಯಲ್ಲಿ ಹಿಡಿಯುವ ಪೆಟ್ಟಿಗೆ. ವೈರ್‌ಕಾಸ್ಟ್ ಬಗ್ಗೆ ನಡುವೆ ನಾಲ್ಕು ಮಾತು ಬರುತ್ತದೆ.

ಒಬಿಎಸ್: ಸೀನ್ ಹೋದರೆ ಎಲ್ಲವೂ ಹೋಗುತ್ತದೆ

ಒಬಿಎಸ್ ಉಚಿತ. 2012ರಲ್ಲಿ ಶುರುವಾದ ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹೊಸದಾಗಿ ಲೈವ್ ಕಲಿಯೋರು ಹೆಚ್ಚಿನವರು ಇಲ್ಲಿಂದಲೇ ಶುರು ಮಾಡುತ್ತಾರೆ.

ಇದರಲ್ಲಿ ಎಲ್ಲದಕ್ಕೂ ಆಧಾರ ಸೀನ್. ಒಂದು ಸೀನ್ ಅಂದರೆ ಒಂದು ತಟ್ಟೆ ಅಂದುಕೊಳ್ಳಿ. ಅದರೊಳಗೆ ಕ್ಯಾಮೆರಾ, ಲೋಗೋ, ಹೆಸರಿನ ಪಟ್ಟಿ, ಹಿನ್ನೆಲೆ ಚಿತ್ರ, ಇವೆಲ್ಲ ಬಡಿಸಿಟ್ಟಿರುತ್ತವೆ. ಇವಕ್ಕೆ ಸೋರ್ಸ್ ಅನ್ನುತ್ತಾರೆ. ಸೋರ್ಸ್ ಪಟ್ಟಿಯಲ್ಲಿ ಮೇಲಿರೋದು ಪರದೆಯಲ್ಲೂ ಮೇಲೆ. ಲೋಗೋ ಕಾಣಿಸ್ತಿಲ್ಲ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಕೇಳುವ ಮೊದಲ ಪ್ರಶ್ನೆ, ಅದು ಕ್ಯಾಮೆರಾದ ಕೆಳಗೆ ಹೋಗಿ ಕೂತಿದೆಯಾ ಅಂತ. ಮುಕ್ಕಾಲು ಪಾಲು ಅದೇ ಆಗಿರುತ್ತದೆ.

ಟ್ರಾನ್ಸಿಶನ್ ನಡೆಯೋದು ತಟ್ಟೆಯಿಂದ ತಟ್ಟೆಗೆ. ಹಳೇ ತಟ್ಟೆ ಪೂರ್ತಿ ಹೋಗುತ್ತದೆ, ಹೊಸ ತಟ್ಟೆ ಪೂರ್ತಿ ಬರುತ್ತದೆ. ಹೆಸರಿನ ಪಟ್ಟಿ ಹಿಮ್ಮೇಳದ ಸೀನ್‌ನಲ್ಲಿ ಮಾತ್ರ ಇದ್ದರೆ ಸೀನ್ ಬದಲಾದಾಗ ಅದೂ ಹೋಗುತ್ತದೆ. ನನ್ನ ರಾಕ್ಷಸನ ಕಾಲಡಿ ಬರೋದಿಲ್ಲ. ಒಳ್ಳೆಯದೇ ಅಲ್ವಾ? ಹೌದು. ಆದರೆ ಲೋಗೋ ಎಲ್ಲ ಸೀನ್‌ನಲ್ಲೂ ಬೇಕು. ಹಾಗಾಗಿ ಅದನ್ನು ಪ್ರತಿ ಸೀನ್‌ಗೂ ಹಾಕುತ್ತೀರಿ. ಈಗ ಇನ್ನೊಂದು ಮಜಾ ನೋಡಿ. ಎರಡೂ ಸೀನ್‌ನಲ್ಲಿ ಲೋಗೋ ಒಂದೇ ಜಾಗದಲ್ಲಿ ಇದ್ದು, ನೀವು ಫೇಡ್ ಬಳಸಿದರೆ, ಲೋಗೋ ಅಲುಗಾಡದೆ ನಿಂತಂತೆ ಕಾಣುತ್ತದೆ. ಹಳೇ ಲೋಗೋ ಮಾಸುತ್ತಾ ಹೋದಷ್ಟೇ ಹೊಸ ಲೋಗೋ ಮೂಡುತ್ತಾ ಬರುತ್ತದೆ, ಎರಡೂ ಒಂದೇ ಆದ್ದರಿಂದ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಅದೇ ಸ್ಲೈಡ್ ಹಾಕಿ ನೋಡಿ. ಲೋಗೋ ಚಿತ್ರದ ಜೊತೆ ಒಂದು ಕಡೆಯಿಂದ ಜಾರಿಹೋಗುತ್ತದೆ, ಅದರ ಅವಳಿ ಇನ್ನೊಂದು ಕಡೆಯಿಂದ ಜಾರಿ ಬರುತ್ತದೆ. ಟೀವಿಯಲ್ಲಿ ಯಾವತ್ತಾದರೂ ಚಾನೆಲ್ ಲೋಗೋ ಹಾಗೆ ಜಾರಿದ್ದು ನೋಡಿದ್ದೀರಾ?

ಇದಕ್ಕೆ ಎರಡು ದಾರಿ ಇವೆ. ಒಂದು, ಸೀನ್‌ನೊಳಗೆ ಸೀನ್. ‘ಪಟ್ಟಿಗಳು’ ಅಂತ ಪ್ರತ್ಯೇಕ ಸೀನ್ ಮಾಡಿ, ಲೋಗೋ ಮತ್ತು ಹೆಸರುಗಳನ್ನೆಲ್ಲ ಅಲ್ಲಿಡಿ. ಆಮೇಲೆ ಆ ಸೀನನ್ನೇ ಒಂದು ಸೋರ್ಸ್ ತರಹ ಉಳಿದ ಸೀನ್‌ಗಳ ಮೇಲೆ ಹಾಕಿ. ಈಗ ಒಂದೇ ಕಡೆ ಕಣ್ಣಿನ ಗುರುತು ಒತ್ತಿದರೆ ಎಲ್ಲ ಕಡೆ ಪಟ್ಟಿ ಬರುತ್ತದೆ, ಹೋಗುತ್ತದೆ. ಕೆಲಸ ಕಡಿಮೆಯಾಯಿತು. ಸ್ಲೈಡ್‌ನಲ್ಲಿ ಜಾರುವ ರೋಗ ಮಾತ್ರ ವಾಸಿಯಾಗಿಲ್ಲ. ಅದಕ್ಕೆ ಎರಡನೇ ದಾರಿ, ಡೌನ್‌ಸ್ಟ್ರೀಮ್ ಕೀಯರ್ ಅನ್ನುವ ಪ್ಲಗಿನ್, ಅಂದರೆ ಒಬಿಎಸ್‌ಗೆ ಹೊರಗಿನಿಂದ ಸೇರಿಸುವ ಚಿಕ್ಕ ತಂತ್ರಾಂಶ. ಟ್ರಾನ್ಸಿಶನ್ ಎಲ್ಲ ಮುಗಿದ ಮೇಲೆ, ಅದರ ಮೇಲೊಂದು ಪಾರದರ್ಶಕ ಹಾಳೆ ಇಟ್ಟ ಹಾಗೆ. ಕೆಳಗೆ ಏನೇ ಜಾರಲಿ, ಹಾರಲಿ, ಹಾಳೆ ಅಲ್ಲೇ ಇರುತ್ತದೆ. ಒಬಿಎಸ್‌ನಲ್ಲಿ ಗಂಭೀರವಾಗಿ ಲೈವ್ ಮಾಡೋರು ಇದನ್ನು ಹಾಕಿಕೊಳ್ಳದೇ ಇರಬಾರದು ಅಂತ ನನ್ನ ಅಭಿಪ್ರಾಯ.

ಪಟ್ಟಿ ಫಕ್ಕನೆ ಬಂದು ಫಕ್ಕನೆ ಹೋಗೋದು ಚೆನ್ನಾಗಿ ಕಾಣಲ್ಲ. 2021ರಲ್ಲಿ ಬಂದ 27ನೇ ಆವೃತ್ತಿಯಿಂದ ಪ್ರತಿ ಸೋರ್ಸ್‌ಗೂ ತೋರುವಾಗ ಒಂದು, ಮರೆಯಾಗುವಾಗ ಒಂದು ಟ್ರಾನ್ಸಿಶನ್ ಕೊಡಬಹುದು. ಸೋರ್ಸ್ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಸಿಗುತ್ತದೆ. ಇದು ಇದೆ ಅನ್ನೋದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಸ್ಟುಡಿಯೊ ಮೋಡ್ ಬಗ್ಗೆ ಒಂದಷ್ಟು ಹೇಳಲೇಬೇಕು. ಒಬಿಎಸ್ ತೆರೆದ ತಕ್ಷಣ ಅದು ಆನ್ ಇರೋದಿಲ್ಲ. ಆಗ ಸೀನ್ ಮೇಲೆ ಕ್ಲಿಕ್ ಮಾಡಿದರೆ ಸೀದಾ ಜನರಿಗೆ ಹೋಗುತ್ತದೆ. ಸ್ಟುಡಿಯೊ ಮೋಡ್ ಆನ್ ಮಾಡಿದರೆ ಎಡಕ್ಕೆ ಪ್ರಿವ್ಯೂ, ಬಲಕ್ಕೆ ಪ್ರೋಗ್ರಾಂ, ಅಂದರೆ ಜನರಿಗೆ ಕಾಣುವುದು. ಎಡದಲ್ಲಿ ಸಿದ್ಧ ಮಾಡಿ, ನೋಡಿಕೊಂಡು, ಆಮೇಲೆ ಬಲಕ್ಕೆ ಕಳಿಸೋದು. ಇಲ್ಲಿಯೂ ಒಂದು ಹಳ್ಳ ಇದೆ, ಬೀಳಬೇಡಿ. ಪ್ರಿವ್ಯೂದಲ್ಲಿ ಸೋರ್ಸ್ ಅನ್ನು ಸರಿಸಿದರೆ, ಮರೆಮಾಡಿದರೆ ಅದು ಲೈವ್‌ಗೆ ತಟ್ಟುವುದಿಲ್ಲ. ಆದರೆ ಸೋರ್ಸ್‌ನ ಒಳಗಿನ ಗುಣ ಬದಲಿಸಿದರೆ, ಅಂದರೆ ಪಟ್ಟಿಯಲ್ಲಿರುವ ಅಕ್ಷರ ತಿದ್ದಿದರೆ, ಅದು ತಕ್ಷಣ ಲೈವ್‌ನಲ್ಲೂ ಬದಲಾಗುತ್ತದೆ. ಸೋರ್ಸ್ ನಕಲು ಮಾಡುವ ಆಯ್ಕೆಯನ್ನು ನೀವೇ ಆನ್ ಮಾಡಿದ್ದರೆ ಮಾತ್ರ ಹೀಗಾಗಲ್ಲ. ಕನ್ನಡದಲ್ಲಿ ಇದು ಇನ್ನೂ ಫಜೀತಿ. ‘ಕೃಷ್ಣ’ ಅಂತ ಟೈಪ್ ಮಾಡುವಾಗ ಮೊದಲು ‘ಕ್’, ಆಮೇಲೆ ‘ಕೃ’, ಆಮೇಲೆ ‘ಕೃಷ್’, ಹೀಗೆ ಹೆಸರು ಕಂತಿನಲ್ಲಿ ಹುಟ್ಟೋದನ್ನು ಊರೆಲ್ಲ ನೋಡುತ್ತದೆ. ಪಟ್ಟಿ ಇಳಿಸಿ, ತಿದ್ದಿ, ಏರಿಸಿ. ಅದೇ ಕ್ಷೇಮ.

ಒಂದೇ ಕ್ಯಾಮೆರಾ ಐದು ಸೀನ್‌ನಲ್ಲಿ ಇದ್ದರೂ ಅದರ ಅಳತೆ, ಜಾಗ ಪ್ರತಿ ಸೀನ್‌ನಲ್ಲಿ ಬೇರೆ ಬೇರೆ ಇಡಬಹುದು. ಆದರೆ ಅದಕ್ಕೆ ಹಾಕಿದ ಫಿಲ್ಟರ್, ಅಂದರೆ ಬಣ್ಣ ತಿದ್ದುವುದು ಇತ್ಯಾದಿ, ಐದೂ ಕಡೆ ಒಂದೇ. ಇದನ್ನು ಮರೆತು ‘ಒಂದು ಸೀನ್‌ಗೆ ಮಾತ್ರ’ ಅಂತ ಬಣ್ಣ ಬದಲಿಸಿದರೆ ಎಲ್ಲ ಸೀನ್‌ನಲ್ಲೂ ವೇಷದ ಮುಖ ಹಸಿರಾಗಿರುತ್ತದೆ. ಪಚ್ಚೆ ಬಣ್ಣದ ಪಾತ್ರ ಅಂತ ಸಮಾಧಾನ ಮಾಡಿಕೊಳ್ಳಬೇಕು ಅಷ್ಟೇ.

ಸ್ಟಿಂಗರ್ ಅಂದರೆ ನಮ್ಮ ತೆರೆ

ಟ್ರಾನ್ಸಿಶನ್‌ಗಳಲ್ಲಿ ಸ್ಟಿಂಗರ್ ಒಂದನ್ನು ಮಾತ್ರ ಹತ್ತಿರದಿಂದ ನೋಡೋಣ. ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸೋದೇ ಬೇಡ. ಒಡ್ಡೋಲಗದಲ್ಲಿ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರಲ್ಲ, ಅದೇ. ತೆರೆ ಪೂರ್ತಿ ಮುಚ್ಚಿದ ಹೊತ್ತಿನಲ್ಲಿ ಹಿಂದೆ ಏನು ಬದಲಾದರೂ ನೋಡುವವರಿಗೆ ಕಾಣುವುದಿಲ್ಲ. ಸ್ಟಿಂಗರ್ ಒಂದು ಚಿಕ್ಕ ವಿಡಿಯೊ, ಹಿನ್ನೆಲೆ ಪಾರದರ್ಶಕವಾಗಿರುತ್ತದೆ. ಮೇಳದ ಲಾಂಛನ ಹಾರಿ ಬಂದು ಪರದೆ ತುಂಬುತ್ತದೆ, ಆ ಕ್ಷಣದಲ್ಲಿ ಕೆಳಗೆ ಕ್ಯಾಮೆರಾ ಕಟ್ ಆಗುತ್ತದೆ, ಲಾಂಛನ ಹಾರಿ ಹೋಗುತ್ತದೆ.

ಎಡವೋದು ಆ ಕ್ಷಣ ಯಾವುದು ಅನ್ನೋದರಲ್ಲಿ. ಒಬಿಎಸ್‌ನಲ್ಲಿ ಅದನ್ನು ಮಿಲಿಸೆಕೆಂಡಿನಲ್ಲೋ ಫ್ರೇಮ್‌ನಲ್ಲೋ ಹೇಳಬೇಕು. ಲೆಕ್ಕ ಹೀಗೆ. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಂದು ಫ್ರೇಮ್‌ಗೆ 40 ಮಿಲಿಸೆಕೆಂಡ್. ನಿಮ್ಮ ಒಂದು ಸೆಕೆಂಡಿನ ಸ್ಟಿಂಗರ್‌ನಲ್ಲಿ, ಸೊನ್ನೆಯಿಂದ ಎಣಿಸಿದರೆ, 12ರಿಂದ 14ನೇ ಫ್ರೇಮ್‌ವರೆಗೆ ಪರದೆ ಪೂರ್ತಿ ಮುಚ್ಚಿದೆ ಅನ್ನಿ. ನಡುವಿನ 13 ಹಿಡಿಯಿರಿ. 13ನ್ನು 40ರಿಂದ ಗುಣಿಸಿದರೆ 520. ಆ 520 ಅನ್ನು ಕೊಡಿ. ಒಂದೇ ಫ್ರೇಮ್ ಮಾತ್ರ ಪೂರ್ತಿ ಮುಚ್ಚುವಂಥ ಸ್ಟಿಂಗರ್ ಮಾಡಿಸಬೇಡಿ. ಕಂಪ್ಯೂಟರ್ ಒಂದು ಚೂರು ತಡವರಿಸಿದರೂ ತೆರೆ ಸಂದಿಯಲ್ಲಿ ಹೊಸ ಕ್ಯಾಮೆರಾ ಇಣುಕುತ್ತದೆ. ಕನಿಷ್ಠ ಮೂರ್ನಾಲ್ಕು ಫ್ರೇಮ್ ಮುಚ್ಚಿರಲಿ ಅಂತ ಡಿಸೈನ್ ಮಾಡುವವರಿಗೆ ಮೊದಲೇ ಹೇಳಿ.

ಹಾಂ, ಸ್ಟಿಂಗರ್ ಆರಿಸಿದರೆ ಒಬಿಎಸ್‌ನ ಟಿ-ಬಾರ್, ಅಂದರೆ ಟ್ರಾನ್ಸಿಶನ್ ಎಳೆಯುವ ಹಿಡಿ, ಕೆಲಸ ಮಾಡುವುದಿಲ್ಲ. ಕೈಯಲ್ಲಿ ನಿಧಾನ ಎಳೆಯುವುದೆಲ್ಲ ಫೇಡ್, ಸ್ಲೈಡ್‌ನಂಥವಕ್ಕೆ ಮಾತ್ರ.

ವಿಮಿಕ್ಸ್: ಮೇಲಿನ ಹಾಳೆ ಮೊದಲೇ ಇದೆ

ವಿಮಿಕ್ಸ್ ಆಸ್ಟ್ರೇಲಿಯಾದ್ದು, ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಮ್ಯಾಕ್ ಇಟ್ಟುಕೊಂಡವರು ಈ ಭಾಗ ಹಾರಿಸಬಹುದು.

ಇಲ್ಲಿ ಸೀನ್ ಬೇರೆ, ಸೋರ್ಸ್ ಬೇರೆ ಅನ್ನುವ ಭೇದ ಇಲ್ಲ. ಎಲ್ಲವೂ ಇನ್‌ಪುಟ್. ಕ್ಯಾಮೆರಾ ಒಂದು ಇನ್‌ಪುಟ್, ಚಿತ್ರ ಒಂದು ಇನ್‌ಪುಟ್, ಹೆಸರಿನ ಪಟ್ಟಿಯೂ ಒಂದು ಇನ್‌ಪುಟ್. ಕೆಳಗೆ ಚಿಕ್ಕ ಚಿಕ್ಕ ಪೆಟ್ಟಿಗೆಗಳಾಗಿ ಸಾಲಾಗಿ ಕಾಣುತ್ತವೆ. ಪ್ರತಿ ಇನ್‌ಪುಟ್‌ನ ಒಳಗೆ ಹತ್ತು ಲೇಯರ್‌ವರೆಗೆ ಬೇರೆ ಇನ್‌ಪುಟ್‌ಗಳನ್ನು ಪೇರಿಸಬಹುದು. ನಾನು ಮಾಡೋದು ಹೀಗೆ: ಬರೀ ಬಣ್ಣದ ಖಾಲಿ ಇನ್‌ಪುಟ್ ಒಂದನ್ನು ತಗೊಂಡು, ಅದರ ಲೇಯರ್‌ಗಳಲ್ಲಿ ಕ್ಯಾಮೆರಾಗಳನ್ನು ಕೂರಿಸುತ್ತೇನೆ. ಆ ಖಾಲಿ ಇನ್‌ಪುಟ್ಟೇ ನನ್ನ ‘ಸೀನ್’. ಕ್ಯಾಮೆರಾ ಇನ್‌ಪುಟ್ ಮೇಲೆಯೇ ಲೇಯರ್ ಕಟ್ಟಲು ಹೋದರೆ ಆಮೇಲೆ ಯಾವುದು ಬೋಳು ಕ್ಯಾಮೆರಾ, ಯಾವುದು ಅಲಂಕಾರ ಆದದ್ದು ಅಂತ ನಿಮಗೇ ಗೊಂದಲವಾಗುತ್ತದೆ.

ಪಟ್ಟಿಯ ಪ್ರಶ್ನೆಗೆ ವಿಮಿಕ್ಸ್ ಕೊಡುವ ಉತ್ತರ ಓವರ್‌ಲೇ. ಪ್ರತಿ ಇನ್‌ಪುಟ್‌ನ ಕೆಳಗೆ 1, 2, 3, 4 ಅಂತ ಪುಟ್ಟ ಬಟನ್‌ಗಳಿವೆ. ಹೆಸರಿನ ಪಟ್ಟಿಯ ಕೆಳಗಿನ 1 ಒತ್ತಿದರೆ ಅದು ಲೈವ್‌ನ ಮೇಲೆ ಬಂದು ಕೂರುತ್ತದೆ. ಇನ್ನೊಮ್ಮೆ ಒತ್ತಿದರೆ ಹೋಗುತ್ತದೆ. ಬರುವ ರೀತಿ, ಹೋಗುವ ರೀತಿ, ಎಷ್ಟು ಹೊತ್ತು, ಎಲ್ಲ ಆ ಓವರ್‌ಲೇಗೇ ಹೊಂದಿಸಬಹುದು. ಕೆಳಗೆ ಕ್ಯಾಮೆರಾ ಎಷ್ಟು ಸಲ ಬದಲಾದರೂ ಓವರ್‌ಲೇಗೆ ಅದರ ಗೊಡವೆ ಇಲ್ಲ. ಒಬಿಎಸ್‌ನಲ್ಲಿ ಪ್ಲಗಿನ್ ಹಾಕಿ ಪಡೆದದ್ದು ಇಲ್ಲಿ ಹುಟ್ಟಿನಿಂದಲೇ ಇದೆ. ಅದರ ಬೆಲೆಯೂ ಇದೆ: ಭಾಗವತರ ಪಟ್ಟಿ ರಾಕ್ಷಸನ ಮೇಲೆ ಉಳಿಯೋದು ಈ ತರಹದ ವ್ಯವಸ್ಥೆಯಲ್ಲೇ. ಏರಿಸಿದವರೇ ನೆನಪಿಟ್ಟು ಇಳಿಸಬೇಕು. ನಾನು ಈಗ ಲೋಗೋಗೆ ಒಂದು ಓವರ್‌ಲೇ, ಹೆಸರಿಗೆ ಇನ್ನೊಂದು ಅಂತ ಗೊತ್ತುಮಾಡಿಕೊಂಡಿದ್ದೇನೆ. ಹೆಸರಿನದಕ್ಕೆ ಆರು ಸೆಕೆಂಡ್ ಕೊಟ್ಟಿದ್ದೇನೆ, ಆಮೇಲೆ ಅದೇ ಇಳಿಯುತ್ತದೆ.

ಹೆಸರು ತುಂಬುವ ವಿಷಯದಲ್ಲಿ ವಿಮಿಕ್ಸ್ ಬಹಳ ಮುಂದಿದೆ. ಕಲಾವಿದರ ಹೆಸರು, ಪಾತ್ರ ಎರಡನ್ನೂ ಎಕ್ಸೆಲ್‌ನಲ್ಲೋ ಗೂಗಲ್ ಶೀಟ್‌ನಲ್ಲೋ ಬರೆದಿಟ್ಟು ಪಟ್ಟಿಗೆ ಜೋಡಿಸಬಹುದು. ಸಾಲು ಬದಲಿಸಿದರೆ ಹೆಸರು ಬದಲು. ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಕೂತು ಒಬ್ಬರು ಫೋನ್‌ನಲ್ಲೇ ಶೀಟ್ ತಿದ್ದುತ್ತಾ ಇರಬಹುದು. ಕಲಾವಿದರು ಕೊನೇ ಗಳಿಗೆಯಲ್ಲಿ ಬದಲಾಗೋದು ನಮ್ಮಲ್ಲಿ ಹೊಸತೇನಲ್ಲವಲ್ಲ.

ಟ್ರಾನ್ಸಿಶನ್ ಬಟನ್ ನಾಲ್ಕು ಇವೆ, ಯಾವುದಕ್ಕೆ ಏನು ಅಂತ ನೀವೇ ಇಟ್ಟುಕೊಳ್ಳಬಹುದು. ಕ್ಯೂಬ್ ತಿರುಗೋದು, ಹಾರೋದು, ಎಲ್ಲ ಇದೆ. ಮದುವೆ ಮನೆಯವರಿಗೆ ಇಷ್ಟ, ನನಗೆ ಕಷ್ಟ. ಒಂದು ಮಾತ್ರ ನಿಜಕ್ಕೂ ಚಂದ: ಮರ್ಜ್. ಒಂದು ಇನ್‌ಪುಟ್‌ನಲ್ಲಿ ಭಾಗವತರ ಕ್ಯಾಮೆರಾ ಪೂರ್ತಿ ಪರದೆ, ಇನ್ನೊಂದರಲ್ಲಿ ಅದೇ ಕ್ಯಾಮೆರಾ ಎಡಕ್ಕೆ ಚಿಕ್ಕದಾಗಿ, ಬಲಕ್ಕೆ ವೇಷ. ಒಂದರಿಂದ ಇನ್ನೊಂದಕ್ಕೆ ಮರ್ಜ್ ಮಾಡಿದರೆ ಭಾಗವತರ ಚಿತ್ರ ನಯವಾಗಿ ಕುಗ್ಗುತ್ತಾ ಎಡಕ್ಕೆ ಸರಿದು ವೇಷಕ್ಕೆ ಜಾಗ ಬಿಡುತ್ತದೆ. ಅಂದರೆ ಇದು ಇಡೀ ತಟ್ಟೆ ಬದಲಿಸದೆ, ಎರಡರಲ್ಲೂ ಇರುವ ಪದಾರ್ಥ ಯಾವುದು ಅಂತ ಗುರುತಿಸಿ ಅದನ್ನಷ್ಟೇ ಸರಿಸುತ್ತದೆ. ಒಬಿಎಸ್‌ನಲ್ಲಿ ಇದೇ ಕೆಲಸಕ್ಕೆ ಮೂವ್ ಅನ್ನುವ ಪ್ಲಗಿನ್ ಇದೆ. ಚೆನ್ನಾಗಿಯೇ ಮಾಡುತ್ತದೆ, ಹೊಂದಿಸಲು ಸ್ವಲ್ಪ ತಾಳ್ಮೆ ಬೇಕು.

ದುಡ್ಡಿನ ಮಾತು. ಒಮ್ಮೆ ಕೊಂಡು ಇಟ್ಟುಕೊಳ್ಳುವ ಪರವಾನಗಿಗಳು 60 ಡಾಲರ್‌ನಿಂದ 1200 ಡಾಲರ್‌ವರೆಗೆ ಹಲವು ಮೆಟ್ಟಿಲಲ್ಲಿ ಇವೆ. 60 ಡಾಲರ್‌ನದ್ದು ಅಗ್ಗ ಅಂತ ಕಣ್ಣು ಮುಚ್ಚಿ ತಗೋಬೇಡಿ. ಅದರಲ್ಲಿ ಇನ್‌ಪುಟ್ ನಾಲ್ಕೇ, ಓವರ್‌ಲೇ ಒಂದೇ. ಲೋಗೋ ಹಾಕಿದರೆ ಓವರ್‌ಲೇ ಮುಗಿಯಿತು, ಹೆಸರಿಗೆ ಎಲ್ಲಿ ಹೋಗ್ತೀರಿ? ನಮ್ಮಂಥ ಕೆಲಸಕ್ಕೆ 350 ಡಾಲರ್‌ನ ಎಚ್‌ಡಿ ಆವೃತ್ತಿಯೇ ಬೇಕು. 60 ದಿನ ಪೂರ್ತಿ ಸೌಲಭ್ಯದೊಂದಿಗೆ ಸುಮ್ನೆ ಬಳಸಿ ನೋಡಬಹುದು, ಅದು ದೊಡ್ಡ ಅನುಕೂಲ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಖರ್ಚು ಬೇರೆ ಸೇರಿಸಿಕೊಳ್ಳಿ.

ಏಟೆಮ್ ಮಿನಿ: ಸೀನ್ ಅನ್ನೋದೇ ಇಲ್ಲ

2019ರಲ್ಲಿ 295 ಡಾಲರ್‌ಗೆ ಏಟೆಮ್ ಮಿನಿ ಬಂದಾಗ ಸಣ್ಣ ಊರುಗಳ ವಿಡಿಯೊದವರಿಗೂ ‘ಸ್ಟುಡಿಯೊ’ ಕೈಗೆ ಸಿಕ್ಕ ಹಾಗಾಯಿತು. ನಾಲ್ಕು ಎಚ್‌ಡಿಎಂಐ, ದೊಡ್ಡ ದೊಡ್ಡ ಬಟನ್‌ಗಳು. ಆಮೇಲೆ 2020ರಲ್ಲಿ ಬಂದ ಪ್ರೊ ಮಾದರಿ ಕಂಪ್ಯೂಟರ್ ಇಲ್ಲದೆಯೇ ನೆಟ್ ಕೇಬಲ್ ಚುಚ್ಚಿದರೆ ನೇರ ಯೂಟ್ಯೂಬ್‌ಗೆ ಕಳಿಸುತ್ತದೆ, ಎಲ್ಲ ಕ್ಯಾಮೆರಾ ಒಂದೇ ಪರದೆಯಲ್ಲಿ ತೋರಿಸುತ್ತದೆ.

ಸಾಫ್ಟ್‌ವೇರ್‌ನಿಂದ ಬಂದವರಿಗೆ ಇಲ್ಲಿ ತಲೆ ಕೆಡುವುದು, ಸೀನ್ ಎಲ್ಲಿ ಅಂತ ಹುಡುಕುವುದರಲ್ಲಿ. ಇಲ್ಲ. ದೊಡ್ಡ ಟೀವಿ ಸ್ಟುಡಿಯೊಗಳ ಸ್ವಿಚರ್‌ಗಳ ವಂಶದ್ದು ಇದು. ಅಡಿಯಲ್ಲಿ ಹಿನ್ನೆಲೆ, ಅಂದರೆ ಈಗಿನ ಕ್ಯಾಮೆರಾ. ಅದರ ಮೇಲೆ ಅಪ್‌ಸ್ಟ್ರೀಮ್ ಕೀ, ಅಂದರೆ ಮೂಲೆಯಲ್ಲಿ ಇನ್ನೊಂದು ಕ್ಯಾಮೆರಾದ ಚಿಕ್ಕ ಚಿತ್ರ ಕೂರಿಸುವಂಥ ಪದರ. ಅದರ ಮೇಲೆ ಡೌನ್‌ಸ್ಟ್ರೀಮ್ ಕೀ, ಲೋಗೋ ಅಥವಾ ಹೆಸರಿನ ಪದರ. ಮಿನಿಯಲ್ಲಿ ಕೀ ಒಂದೊಂದೇ. ಲೆಕ್ಕಕ್ಕೆ ಮೂರು ಪದರ, ಮುಗಿಯಿತು.

ಕಡಿಮೆ ಅನ್ನಿಸುತ್ತದೆ. ಆದರೆ ನಮ್ಮ ಪ್ರಶ್ನೆಗೆ ಅತಿ ಸ್ಪಷ್ಟ ಉತ್ತರ ಇರೋದು ಇದರಲ್ಲೇ. ಏಟೆಮ್‌ನ ಕಂಪ್ಯೂಟರ್ ತಂತ್ರಾಂಶದಲ್ಲಿ ‘ಮುಂದಿನ ಟ್ರಾನ್ಸಿಶನ್’ ಅಂತ ಒಂದು ಸಾಲು ಬಟನ್ ಇವೆ. ಅದರಲ್ಲಿ ಹಿನ್ನೆಲೆ ಮಾತ್ರ ಆರಿಸಿ ಆಟೋ (ಟ್ರಾನ್ಸಿಶನ್ ನಡೆಸುವ ಬಟನ್) ಒತ್ತಿದರೆ ಕ್ಯಾಮೆರಾ ಮಾತ್ರ ಬದಲಾಗುತ್ತದೆ, ಮೂಲೆಯ ಚಿಕ್ಕ ಚಿತ್ರ ಅಲ್ಲೇ. ಕೀ 1, ಅಂದರೆ ಅಪ್‌ಸ್ಟ್ರೀಮ್ ಕೀ, ಮಾತ್ರ ಆರಿಸಿದರೆ ಚಿಕ್ಕ ಚಿತ್ರ ಮಾತ್ರ ಬರುತ್ತದೆ ಅಥವಾ ಹೋಗುತ್ತದೆ, ಕ್ಯಾಮೆರಾ ಅಲುಗಾಡಲ್ಲ. ಎರಡೂ ಆರಿಸಿದರೆ ಎರಡೂ ಒಟ್ಟಿಗೆ. ಏನು ಹೋಗಬೇಕು, ಏನು ಉಳಿಯಬೇಕು ಅಂತ ಪ್ರತಿ ಸಲ ನೀವೇ ಬಾಯಿಬಿಟ್ಟು ಹೇಳಿದ ಹಾಗೆ. ಡೌನ್‌ಸ್ಟ್ರೀಮ್ ಕೀ ಸಾಮಾನ್ಯವಾಗಿ ಎಲ್ಲದರ ಮೇಲೆ ಸುಮ್ಮನೆ ಕೂತಿರುತ್ತದೆ. ಅದಕ್ಕೆ ಟೈ ಅನ್ನುವ ಬಟನ್ ಒತ್ತಿಟ್ಟರೆ ಮುಂದಿನ ಟ್ರಾನ್ಸಿಶನ್ ಜೊತೆ ಅದೂ ಹೊರಡುತ್ತದೆ. ಆವತ್ತು ನನಗೆ ಬೇಕಿದ್ದದ್ದು ಇದೇ ನೋಡಿ. ಭಾಗವತರ ಪಟ್ಟಿಗೆ ಟೈ ಹಾಕಿ, ಎರಡನೇ ಕ್ಯಾಮೆರಾಗೆ ಹೋಗೋದು. ಚಿತ್ರ, ಪಟ್ಟಿ ಎರಡೂ ಒಂದೇ ಉಸಿರಿನಲ್ಲಿ ಹೋಗುತ್ತವೆ.

ಕಪ್ಪಿಗೆ ಇಳಿಸುವ ಬಟನ್ ಒತ್ತಿದರೆ ಡೌನ್‌ಸ್ಟ್ರೀಮ್ ಕೀ ಕೂಡ ಕಪ್ಪಾಗುತ್ತದೆ. ಮಂಗಳ ಹಾಡಿದ ಮೇಲೆ ಲೋಗೋ ಮಾತ್ರ ಕತ್ತಲಲ್ಲಿ ಮಿಣುಕುವ ಚಿಂತೆ ಇಲ್ಲ.

ಮಿತಿಗಳು ಇವೆ. ಚಿತ್ರ ಕುಗ್ಗಿಸಿ ಸರಿಸುವ ಡಿವಿಇ ಯಂತ್ರ ಮಿನಿಯೊಳಗೆ ಒಂದೇ. ಮೂಲೆಯಲ್ಲಿ ಚಿಕ್ಕ ಚಿತ್ರ ಇಟ್ಟಿದ್ದೀರಿ ಅಂದರೆ ಅದು ಬಳಕೆಯಲ್ಲಿದೆ ಎಂದರ್ಥ, ಆಗ ತಳ್ಳುವ, ಹಿಂಡುವ ಟ್ರಾನ್ಸಿಶನ್ ಸಿಗುವುದಿಲ್ಲ. ಯಾಕೆ ಬಟನ್ ಕೆಲಸ ಮಾಡ್ತಿಲ್ಲ ಅಂತ ಪೆಟ್ಟಿಗೆ ಕುಟ್ಟಬೇಡಿ. ಎರಡನೇ ಮಿತಿ ಅಕ್ಷರ. ಏಟೆಮ್ ಒಳಗೆ ಟೈಪ್ ಮಾಡುವ ವ್ಯವಸ್ಥೆ ಇಲ್ಲ. ಪ್ರತಿ ಹೆಸರನ್ನೂ ಹೊರಗೆ 1920 ಗುಣಿಸು 1080 ಅಳತೆಯ ಪಾರದರ್ಶಕ ಪಿಎನ್‌ಜಿ ಚಿತ್ರ ಮಾಡಿ ಪೆಟ್ಟಿಗೆಯ ಚಿತ್ರಸಂಗ್ರಹವಾದ ಮೀಡಿಯಾ ಪೂಲ್‌ಗೆ ತುಂಬಬೇಕು. ಮಿನಿಯಲ್ಲಿ 20 ಚಿತ್ರಕ್ಕೆ ಜಾಗ. ಕಾಲಮಿತಿಯ ಆಟಕ್ಕೆ ಸಾಕು, ಇಡೀ ರಾತ್ರಿಯ ಆಟಕ್ಕೆ ನಡುವೆ ಬದಲಿಸುತ್ತಾ ಇರಬೇಕು. ಎಲ್ಲ ಹೊಂದಿಸಿದ ಮೇಲೆ ಸ್ಟಾರ್ಟಪ್ ಸ್ಥಿತಿಯನ್ನು ಉಳಿಸಲು ಮರೆಯಬೇಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಪೆಟ್ಟಿಗೆ ಬೋಳಾಗಿ ಎದ್ದು ಕೂತಿರುತ್ತದೆ.

ಸೀನ್ ಬೇಕೇ ಬೇಕು ಅನ್ನುವವರಿಗೆ ಮ್ಯಾಕ್ರೊ ಇದೆ. ‘ಕ್ಯಾಮೆರಾ 3, ಮೂಲೆಯಲ್ಲಿ ಕ್ಯಾಮೆರಾ 1, ಮೇಲೆ ಲೋಗೋ’ ಅಂತ ಒಮ್ಮೆ ಮಾಡಿ ತೋರಿಸಿದರೆ ಅದನ್ನೇ ನೆನಪಿಟ್ಟು ಒಂದೇ ಒತ್ತಿಗೆ ಮತ್ತೆ ಮಾಡುತ್ತದೆ. 2021ರ ಎಕ್ಸ್‌ಟ್ರೀಮ್ ಮಾದರಿಯಲ್ಲಿ ಎಂಟು ಇನ್‌ಪುಟ್, ನಾಲ್ಕು ಅಪ್‌ಸ್ಟ್ರೀಮ್ ಕೀ, ಎರಡು ಡೌನ್‌ಸ್ಟ್ರೀಮ್ ಕೀ, ಜೊತೆಗೆ ಒಂದೇ ಪರದೆಯಲ್ಲಿ ನಾಲ್ಕು ಚಿತ್ರ ಕೂರಿಸುವ ಸೂಪರ್‌ಸೋರ್ಸ್. ಲೋಗೋಗೆ ಒಂದು ಡೌನ್‌ಸ್ಟ್ರೀಮ್, ಹೆಸರಿಗೆ ಇನ್ನೊಂದು. ಕೈ ತುಂಬಾ ಹಗುರ.

ಒಂದು ಸಣ್ಣ ಎಚ್ಚರಿಕೆ. ಪೆಟ್ಟಿಗೆಯಿಂದ ತೆಗೆದಾಗ ಮಿನಿ ಕಟ್ ಬಸ್ ರೀತಿಯಲ್ಲಿರುತ್ತದೆ, ಬಟನ್ ಒತ್ತಿದರೆ ಸೀದಾ ಲೈವ್. ಪ್ರಿವ್ಯೂ ನೋಡಿ ಕಳಿಸಬೇಕೆಂದರೆ ಸೆಟ್ಟಿಂಗ್‌ನಲ್ಲಿ ಪ್ರೋಗ್ರಾಂ-ಪ್ರಿವ್ಯೂ ರೀತಿಗೆ ಬದಲಿಸಿ.

ವೈರ್‌ಕಾಸ್ಟ್‌ನ ಐದು ಸಾಲು

ವೈರ್‌ಕಾಸ್ಟ್ ನಮ್ಮ ಕಡೆ ಕಡಿಮೆ. ಆದರೆ ಅದರ ಯೋಚನೆ ಚೆನ್ನಾಗಿದೆ. ಪರದೆಯಲ್ಲಿ ಐದು ಸಾಲುಗಳಿವೆ, ಪ್ರತಿ ಸಾಲೂ ಒಂದು ಲೇಯರ್. ಮೊದಲ ಸಾಲು ಎಲ್ಲಕ್ಕಿಂತ ಮೇಲೆ. ಪ್ರತಿ ಸಾಲಿನಿಂದ ಒಂದೊಂದು ಶಾಟ್ ಆರಿಸಿ ಗೋ ಒತ್ತಿದರೆ ಬದಲಾದ ಸಾಲುಗಳು ಮಾತ್ರ ಬದಲಾಗುತ್ತವೆ, ಮುಟ್ಟದ ಸಾಲು ಹಾಗೇ ಇರುತ್ತದೆ. ಅಂದರೆ ಲೇಯರ್ ಮೊದಲು, ಸೀನ್ ಆಮೇಲೆ. ಒಬಿಎಸ್‌ಗೆ ಸರಿಯಾಗಿ ಉಲ್ಟಾ.

ಚೆಂಡೆಯ ಕೋಲು ಮತ್ತು ಧ್ವನಿ

ಸೀನ್ ಬದಲಾದಾಗ ಧ್ವನಿಯೂ ಬದಲಾಗುತ್ತದೆಯೇ ಅನ್ನೋದು ಪಟ್ಟಿಯ ಪ್ರಶ್ನೆಯ ತಮ್ಮ. ಒಬಿಎಸ್‌ನಲ್ಲಿ ಮೈಕ್ ಅನ್ನು ಒಂದೇ ಸೀನ್‌ಗೆ ಹಾಕಿದ್ದರೆ ಆ ಸೀನ್ ಹೋದ ತಕ್ಷಣ ಭಾಗವತಿಕೆ ನಿಂತುಹೋಗುತ್ತದೆ. ಸೌಂಡ್ ಮಿಕ್ಸರ್‌ನಿಂದ ಬರುವ ಧ್ವನಿಯನ್ನು ಸೆಟ್ಟಿಂಗ್‌ನ ಆಡಿಯೊ ಭಾಗದಲ್ಲಿ ಎಲ್ಲ ಸೀನ್‌ಗೂ ಸಾಮಾನ್ಯವಾಗಿ ಇಡಿ. ಏಟೆಮ್‌ನಲ್ಲಿ ಪ್ರತಿ ಕ್ಯಾಮೆರಾದ ಧ್ವನಿಯನ್ನು ಬಂದ್ ಮಾಡಬಹುದು, ಸದಾ ಆನ್ ಇಡಬಹುದು, ಇಲ್ಲವೇ ಚಿತ್ರದ ಜೊತೆಗೆ ಬರುವಂತೆ ಇಡಬಹುದು. ಯಕ್ಷಗಾನಕ್ಕೆ ಕ್ಯಾಮೆರಾಗಳ ಧ್ವನಿ ಪೂರ್ತಿ ಬಂದ್ ಮಾಡಿ, ಮೈಕ್ ಸದಾ ಆನ್. ವಿಮಿಕ್ಸ್‌ನಲ್ಲೂ ಇನ್‌ಪುಟ್‌ನ ಧ್ವನಿ ತಾನಾಗಿ ಬದಲಾಗುವ ಆಯ್ಕೆಯನ್ನು ಆಫ್ ಮಾಡಿಟ್ಟರೆ ತಲೆನೋವಿಲ್ಲ.

ಧ್ವನಿ ಮತ್ತು ಚಿತ್ರ ಕೂಡುತ್ತಿದೆಯೇ ಅಂತ ನೋಡಲು ಚೆಂಡೆಗಿಂತ ಒಳ್ಳೆಯ ಸಾಧನ ಇಲ್ಲ. ಕೋಲು ಚರ್ಮಕ್ಕೆ ತಗಲುವ ಗಳಿಗೆ ಮತ್ತು ಪೆಟ್ಟಿನ ಸದ್ದು. ಸಾಮಾನ್ಯವಾಗಿ ಚಿತ್ರವೇ ಹಿಂದೆ ಬೀಳೋದು, ಯಾಕೆಂದರೆ ಕ್ಯಾಮೆರಾ, ಅದರ ಚಿತ್ರವನ್ನು ಕಂಪ್ಯೂಟರಿಗೆ ತರುವ ಕ್ಯಾಪ್ಚರ್ ಕಾರ್ಡ್ ಎರಡೂ ಸ್ವಲ್ಪ ಹೊತ್ತು ತಗೊಳ್ಳುತ್ತವೆ. ಧ್ವನಿಯನ್ನು ಅಷ್ಟೇ ಹಿಂದೆ ತಳ್ಳಬೇಕು. ಮೂರರಲ್ಲೂ ಅದಕ್ಕೆ ಅವಕಾಶ ಇದೆ.

ಹಾಗಾದರೆ ಯಾವುದು?

ದುಡ್ಡಿಲ್ಲ, ಕಲಿಯುವ ಹುಮ್ಮಸ್ಸಿದೆ, ಕ್ಯಾಮೆರಾ ಎರಡೇ. ಒಬಿಎಸ್. ಬೇರೆ ಯೋಚನೆಯೇ ಬೇಡ. ಸ್ಟುಡಿಯೊ ಮೋಡ್ ಮತ್ತು ಡೌನ್‌ಸ್ಟ್ರೀಮ್ ಕೀಯರ್ ಪ್ಲಗಿನ್ ಮೊದಲ ದಿನವೇ ಹಾಕಿ.

ಹೆಸರು ಜಾಸ್ತಿ, ಅಂಕಗಳು ಬದಲಾಗುತ್ತಾ ಇರುತ್ತವೆ, ಊರ ಕಬಡ್ಡಿ ಪಂದ್ಯದಲ್ಲಿ ಸ್ಕೋರ್ ತೋರಿಸಬೇಕು ಅನ್ನುವವರು ವಿಮಿಕ್ಸ್ ನೋಡಿ. ಆಗಷ್ಟೇ ನಡೆದದ್ದನ್ನು ಮತ್ತೆ ತೋರಿಸುವ ರಿಪ್ಲೇ ಬೇಕೆಂದರೆ ಮೇಲಿನ ಆವೃತ್ತಿಗಳಲ್ಲಿ ಅದೂ ಇದೆ.

ಮದುವೆ, ಉಪನಯನ, ಒಬ್ಬರೇ ಓಡಾಡಿ ಮಾಡುವ ಕೆಲಸ, ಹೆಸರು ಹತ್ತು ದಾಟಲ್ಲ. ಏಟೆಮ್ ಮಿನಿ ಪ್ರೊ. ಕಂಪ್ಯೂಟರ್ ನಡುವೆ ಅಪ್‌ಡೇಟ್ ಆಗಲು ಕೂರುವ ಭಯ ಇಲ್ಲ. ಕರೆಂಟ್ ಭಯ ಇದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಉಂಟು, ಈ ಪೆಟ್ಟಿಗೆಗೆ ಇಲ್ಲ. ಜನರೇಟರ್‌ಗೆ ಬದಲಾಗುವ ಮೂರು ಸೆಕೆಂಡ್ ಸಾಕು ಲೈವ್ ಕಡಿಯಲು. ಒಂದು ಮಳೆಗಾಲದ ಮದುವೆಯಲ್ಲಿ ಸರಿಯಾಗಿ ಧಾರೆಯ ಹೊತ್ತಿಗೆ ನನಗೆ ಹಾಗಾಗಿದೆ. ಚಿಕ್ಕ ಯುಪಿಎಸ್ ಈಗ ನನ್ನ ಚೀಲದ ಖಾಯಂ ಸದಸ್ಯ.

ನಾನು ಸ್ವತಃ ಬಳಸೋದು ಎರಡರ ಜೋಡಿ. ಕ್ಯಾಮೆರಾಗಳೆಲ್ಲ ಏಟೆಮ್‌ಗೆ. ಅದರ ಯುಎಸ್‌ಬಿ ಲ್ಯಾಪ್‌ಟಾಪ್‌ಗೆ, ಅಲ್ಲಿ ಒಬಿಎಸ್. ಕ್ಯಾಮೆರಾ ಬದಲಿಸೋದು ಬೆರಳು, ಪೆಟ್ಟಿಗೆಯ ಬಟನ್ ಮೇಲೆ. ಒಬಿಎಸ್‌ನಲ್ಲಿ ಸೀನ್ ಒಂದೇ: ಅಡಿಯಲ್ಲಿ ಏಟೆಮ್, ಮೇಲೆ ಲೋಗೋ ಮತ್ತು ಹೆಸರು. ಏಟೆಮ್‌ನಲ್ಲಿ ಎಂಥ ಟ್ರಾನ್ಸಿಶನ್ ಆದರೂ ಅದು ಒಬಿಎಸ್‌ಗೆ ಬರೀ ಒಂದು ಕ್ಯಾಮೆರಾದ ಚಿತ್ರ. ಪಟ್ಟಿ ಅಲುಗಾಡಲ್ಲ. ಹೆಸರು ಕನ್ನಡದಲ್ಲಿ ಅಲ್ಲೇ ತಿದ್ದಬಹುದು, ಪಿಎನ್‌ಜಿ ಮಾಡಿಸುವ ರಗಳೆ ಇಲ್ಲ.

ಕನ್ನಡ ಅಂದಾಗ ನೆನಪಾಯಿತು. ಸಂಘಟಕರು ಹೆಸರುಗಳನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸುವುದು ಈಗಲೂ ಇದೆ. ಅದನ್ನು ನಕಲು ಮಾಡಿ ಪಟ್ಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಫಾಂಟ್ ಆರಿಸಿದ ಮೇಲೆ ‘ಕೃಷ್ಣಾರ್ಜುನ’ ಅಂತ ಒಮ್ಮೆ ಬರೆದು ನೋಡಿ. ಒತ್ತು, ಅರ್ಕಾವೊತ್ತು ಎರಡೂ ಅದರಲ್ಲಿವೆ. ಅದು ಸರಿಯಾಗಿ ಮೂಡಿದರೆ ಉಳಿದ ಹೆಸರುಗಳಿಗೆ ಹೆದರಬೇಕಿಲ್ಲ.

ಕೊಳ್ಳುವ ಮುಂಚೆ ಒಂದು ದಿನ ಬಾಡಿಗೆಗೆ ತನ್ನಿ, ಸಾಫ್ಟ್‌ವೇರ್ ಆದರೆ ಇಳಿಸಿಕೊಳ್ಳಿ. ಎರಡು ಫೋನ್‌ಗಳನ್ನೇ ಕ್ಯಾಮೆರಾ ಮಾಡಿ. ಒಂದಕ್ಕೆ ಹೆಸರು ಏರಿಸಿ, ಕಟ್ ಮಾಡಿ. ಫೇಡ್ ಮಾಡಿ. ಸ್ಲೈಡ್ ಮಾಡಿ. ಕಪ್ಪಿಗೆ ಇಳಿಸಿ. ಪಟ್ಟಿ ಇರುವಾಗಲೇ ಅಕ್ಷರ ತಿದ್ದಿ. ಐದೂ ಸಲ ಪಟ್ಟಿ ಏನು ಮಾಡಿತು ಅಂತ ಒಂದು ಚೀಟಿಯಲ್ಲಿ ಬರೆದು ಸ್ವಿಚರ್‌ನ ಬೆನ್ನಿಗೆ ಅಂಟಿಸಿ.